ಕೆಂಚನಮಟ್ಟಿಯ ಸಕ್ಕರೆ ಬಾಗಿಲುಗಳು

ಗಂಗಾವತಿಯ ಹೊರಗಿನ ದೀಪ ಕೇಂದ್ರದಲ್ಲಿ ಆ ಸಂಜೆಯೂ ಎಲ್ಲ ಊರುಗಳ ಗೆರೆ ಏರಿದವು, ಕೆಂಚನಮಟ್ಟಿಯದೊಂದನ್ನು ಬಿಟ್ಟು. ಗೋಡೆಯಗಲದ ಪರದೆಯ ಮೇಲೆ ಊರಿಗೊಂದು ಗೆರೆ. ಹೊತ್ತು ಮುಳುಗಿ ಗದ್ದೆಗಳಲ್ಲಿ ನೀಲಿ ದೀಪ ಹತ್ತಿದೊಡನೆ ಆ ಗೆರೆಗಳು ಏಳಬೇಕು. ಎದ್ದರೆ ಎಲೆಯಲ್ಲಿದ್ದ ಸಕ್ಕರೆ ತೆನೆಯ ಕಡೆ ಹೊರಟಿದೆ ಎಂದು ಅರ್ಥ. ಕೆಂಚನಮಟ್ಟಿಯ ಗೆರೆ ಮಾತ್ರ ಶೀಗಿ ಹುಣ್ಣಿಮೆಯಿಂದಾಚೆಗೆ ಹಾಸಿಗೆ ಹಿಡಿದು ಮಲಗಿಬಿಟ್ಟಿತ್ತು.

ದೀಪ ನಡೆಸುವ ಸುಮಂಗಲಾ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಕೆಂಚನಮಟ್ಟಿ ಅವಳ ಗಂಡನ ಊರು. ಅಲ್ಲಿಯ ಗದ್ದೆಗಳಲ್ಲಿ ಅವಳ ಮನೆಯದೂ ಒಂದು. ಹಾಗಂತ ಪರದೆಯ ಮುಂದೆ ಕಣ್ಣೀರು ಹಾಕುವ ಜಾತಿಯವಳಲ್ಲ ಅವಳು. ಸಿಟ್ಟು ಬಂದರೆ ಚಹಾ ಕುಡಿಯುತ್ತಿದ್ದಳು. ಅಂದು ಕುಡಿದ ಚಹಾಕ್ಕೆ ಮಿತಿಯಿರಲಿಲ್ಲ.

ಬಾಗಿಲ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಎಲೆಯ ಒಂದೊಂದು ಜೀವಕೋಶದ ಸುತ್ತಲೂ ತೆಳ್ಳನೆಯ ಪೊರೆಯಿದೆ. ಪೊರೆ ಕೊಬ್ಬಿನದು. ಸಕ್ಕರೆ ನೀರಿನಲ್ಲಿ ಕರಗುತ್ತದೆಯೇ ಹೊರತು ಎಣ್ಣೆಯಲ್ಲಿ ಕರಗುವುದಿಲ್ಲ ಎಂದು ಅಡುಗೆಮನೆ ಕಂಡವರಿಗೆಲ್ಲ ಗೊತ್ತು. ಹಾಗಾಗಿ ಎಲೆ ದಿನವಿಡೀ ಬಿಸಿಲಿನಲ್ಲಿ ದುಡಿದು ಮಾಡಿದ ಸಕ್ಕರೆ ತಾನಾಗಿ ಪೊರೆ ದಾಟಿ ಹೋಗಲಾರದು. ಪೊರೆಯೊಳಗೆ ಅಲ್ಲಲ್ಲಿ ನಾಟಿಕೊಂಡಿರುವ ಕೆಲವು ಪ್ರೋಟೀನುಗಳು ಅದಕ್ಕೆ ಬಾಗಿಲಾಗುತ್ತವೆ. ಒಂದು ಬಗೆಯ ಬಾಗಿಲು ಸುಮ್ಮನೆ ತೆರೆದುಕೊಳ್ಳುತ್ತದೆ. ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಸಕ್ಕರೆ ಇಳಿದುಹೋಗುತ್ತದೆ. ಇನ್ನೊಂದು ಬಗೆಯದು ಜಟ್ಟಿ. ಹಾಗೆ ಹೊರಬಿದ್ದ ಸಕ್ಕರೆಗೆ ಒಂದು ಪ್ರೋಟಾನನ್ನು ಜೊತೆ ಮಾಡಿ, ಇಳಿಜಾರಿಗೆ ಎದುರಾಗಿ, ನಾಳದೊಳಕ್ಕೆ ಎಳೆದುಕೊಳ್ಳುತ್ತದೆ. ನಾಳ ಸೇರಿದ ಮೇಲೆ ತೆನೆಯ ದಾರಿ ಸಲೀಸು.

ಇದರಲ್ಲಿ ಕಳ್ಳನೂ ಒಬ್ಬನಿದ್ದಾನೆ. ಅಂಗಮಾರಿ ರೋಗದ ಬ್ಯಾಕ್ಟೀರಿಯಾ ಎಲೆಯೊಳಗೆ ಹೊಕ್ಕು, ಮೊದಲ ಬಗೆಯ ಬಾಗಿಲುಗಳನ್ನು ತನಗಾಗಿ ತೆರೆಸಿಕೊಂಡು, ಹೊರಬಿದ್ದ ಸಕ್ಕರೆಯನ್ನು ತಿಂದು ಕೊಬ್ಬುತ್ತದೆ. ತುಂಗಭದ್ರಾ ಕಾಲುವೆಯ ಕೆಳಗೆ ವರ್ಷವರ್ಷವೂ ಗದ್ದೆಗಳು ಒಣಗಿ ಹೋದದ್ದು ಹೀಗೆಯೇ. ಕೊನೆಗೆ ಡಾಕ್ಟರ್ ಫರ್ಜಾನಾ ನದಾಫ್ ಮತ್ತವರ ಜೊತೆಯವರು ಭತ್ತದ ಆ ಬಾಗಿಲಿಗೆ ಹೊಸ ಅಗಳಿಯೊಂದನ್ನು ಕೂಡಿಸಿದರು. ಕಳ್ಳ ಎಷ್ಟು ತಟ್ಟಿದರೂ ಅದು ಕದಲದು. ನೀಲಿ ಬೆಳಕು ಬಿದ್ದರೆ ಮಾತ್ರ ಸರಿಯುತ್ತದೆ. ಹಗಲ ಬಿಸಿಲಿನಲ್ಲೂ ನೀಲಿ ಇದೆಯಲ್ಲ ಎಂದು ಯಾರಾದರೂ ಕೇಳಿದರೆ ಫರ್ಜಾನಾ ಖುಷಿಪಡುತ್ತಿದ್ದರು; ಅವರಿಗೆ ಬೇಕಾದ ಪ್ರಶ್ನೆ ಅದು. ಬಿಸಿಲಿನಲ್ಲಿ ಕೆಂಪೂ ಇರುತ್ತದೆ, ಕೆಂಪು ಇರುವ ತನಕ ಅಗಳಿ ಬಿಗಿ. ಹೊತ್ತು ಮುಳುಗಿ ಕೆಂಪು ಹೋದ ಮೇಲೆ ನೀಲಿಯೊಂದೇ ಬಂದರೆ ಆಗ ತೆರೆಯುತ್ತದೆ.

ಹೀಗೆ ಪ್ರತಿ ಊರಿನ ಗದ್ದೆಯ ನಡುವೆ ದೀಪದ ಕಂಬ ಎದ್ದಿತು. ಜನ ಹೊಂದಿಕೊಂಡರು. ದೀಪದ ಹೊತ್ತಿಗೆ ಗದ್ದೆಯ ದಾರಿಯಲ್ಲಿ ಟ್ರ್ಯಾಕ್ಟರಿನವರು ಲೈಟು ಹಾಕುವಂತಿಲ್ಲ, ಬ್ಯಾಟರಿ ಹಿಡಿದು ತಿರುಗುವಂತಿಲ್ಲ. ಮೊದಮೊದಲು ಬೈದರು, ಕಾಳು ತುಂಬಿದ ತೆನೆ ನೋಡಿದ ಮೇಲೆ ಬಾಯಿ ಮುಚ್ಚಿದರು. ಕಂಬಕ್ಕೆ ದೀಪವ್ವ ಎಂದು ಹೆಸರಾಯಿತು. ಚಕ್ರ ತಿರುವಿ ದೀಪವನ್ನು ಕೆಳಗಿಳಿಸಿ ಗಾಜು ಒರೆಸುವ ಕೆಲಸವನ್ನು ಕೇಂದ್ರದವರು ಆಯಾ ಊರಿನ ಹೆಂಗಸರಿಗೇ ವಹಿಸಿದರು. ಕೆಂಚನಮಟ್ಟಿಯಲ್ಲಿ ಆ ಗುಂಪಿನ ಮುಂದಾಳು ಸುಮಂಗಲೆಯ ಅತ್ತೆ ಹುಲಿಗೆಮ್ಮ.

"ಕರೆಂಟ್ ಎಷ್ಟು ತೊಗೊಳ್ಳಾಕತ್ತೈತಿ ನೋಡು," ಎಂದರು ಫರ್ಜಾನಾ, ಸುಮಂಗಲೆಯ ಹಿಂದೆ ಬಂದು ನಿಂತು.

"ಸರಿ ಐತ್ರಿ ಮೇಡಂ. ದೀಪ ಹತ್ತೈತಿ. ದೀಪದೊಳಗಿನ ಬೆಳಕಿನ ಮೀಟರೂ ಸರಿ ತೋರ್ಸಾಕತ್ತೈತಿ."

"ಅಂದ್ರ ಬೆಳಕು ಬೀಳಾಕತ್ತೈತಿ, ಬಾಗಿಲು ತೆರಿಯವಲ್ದು. ಅಗಳೀನ ಕೆಟ್ಟೈತಿ."

ಆ ಮಾತು ಬರಬಾರದಿತ್ತು. ಬಾಗಿಲಿನ ಗುಣವೇ ಬದಲಾಗಿದ್ದರೆ ಅದು ಬೀಜದ ದೋಷ. ಎಲೆಗಳು ಸಕ್ಕರೆ ತುಂಬಿಕೊಂಡು ದಪ್ಪಗಾಗಿ ಹಳದಿ ತಿರುಗಿದ್ದವು, ತೆನೆಗಳು ಜೊಳ್ಳಾಗಿ ನೆಟ್ಟಗೆ ನಿಂತಿದ್ದವು. ಅಂಥ ಎಲೆ ಎಲ್ಲಾದರೂ ಒಡೆದರೆ ಅಂಗಮಾರಿಗೆ ಮದುವೆ ಊಟ. ಅಲ್ಲಿಂದ ಕಾಲುವೆಯ ನೀರು ಹಿಡಿದು ಊರೂರಿಗೆ ಇಳಿಯಲು ಅದಕ್ಕೆ ತಡವಾಗದು. ಎಲೆಗಳ ಜೀನು ಓದಲು ಕಳಿಸಿದ್ದರು, ಉತ್ತರ ಇನ್ನೂ ಬಂದಿರಲಿಲ್ಲ. ಗಿಡವನ್ನೇ ಕಿತ್ತು ತಂದು ಕುಂಡದಲ್ಲಿಟ್ಟು ಪರೀಕ್ಷಿಸೋಣವೆಂದರೆ, ಕಿತ್ತ ಭತ್ತ ಮುನಿಸಿಕೊಂಡು ಇದ್ದಬದ್ದ ಬಾಗಿಲನ್ನೆಲ್ಲ ಹಾಕಿಕೊಳ್ಳುತ್ತದೆ. ಅದರ ಸಾಕ್ಷಿ ನಂಬುವಂತಿಲ್ಲ.

"ನಾಳೆ ಸಂಜಿ ದೀಪಾನೂ ನೋಡೋಣ," ಎಂದರು ಫರ್ಜಾನಾ. ದನಿ ಕೆಳಗಿತ್ತು. "ಅದಕ್ಕೂ ತೆರೀಲಿಲ್ಲಂದ್ರ ನಾಡಿದ್ದು ಮುಂಜಾನೆ ಆ ಊರಿನ ಬೆಳಿ ಅಷ್ಟೂ ಕೊಯ್ದು ಸುಡಬೇಕಾಗ್ತೈತಿ. ಮಷೀನಿಗೆ ಹೇಳೀನಿ. ಊರವರಿಗೆ ನೀನ ಹೇಳ್ತಿಯೋ, ನಾ ಬರ್ಲ್ಯೋ?"

"ನಾನ ಹೇಳ್ತೀನ್ರಿ," ಎಂದಳು ಸುಮಂಗಲಾ. ಹೇಳಿದ ಮೇಲೆ ಯಾಕಾದರೂ ಒಪ್ಪಿಕೊಂಡೆನೋ ಅನ್ನಿಸಿತು.

ಕಾಳು ತುಂಬುವ ಕಾಲದಲ್ಲಿ ಅವಳಿಗೆ ರಜೆಯೆಂಬುದಿರಲಿಲ್ಲ. ದಿನಾ ದೀಪದ ಹೊತ್ತಿಗೆ ಕೇಂದ್ರದಲ್ಲಿರಬೇಕು, ದೀಪ ಆರಿಸಿದ ಮೇಲೆ ಬಸ್ಸು ಹಿಡಿದು ಊರು ಸೇರಬೇಕು. ದೀಪ ಉರಿಯುವುದನ್ನು ಅವಳು ಪರದೆಯ ಗೆರೆ, ಮೀಟರುಗಳಲ್ಲಿ ಕಂಡಿದ್ದಳೇ ಹೊರತು ಈ ಸಲ ತನ್ನೂರ ಗದ್ದೆಯಲ್ಲಿ ನಿಂತು ಕಣ್ಣಾರೆ ಕಂಡಿರಲಿಲ್ಲ. ಗಂಡ ಕೊಯ್ಲಿನ ಯಂತ್ರ ತೆಗೆದುಕೊಂಡು ಆಂಧ್ರದ ಕಡೆ ಹೋಗಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

ಮರುದಿನ ಬೆಳಗ್ಗೆ ಹುಲಿಗೆಮ್ಮ ಕಟ್ಟೆಯ ಮೇಲೆ ಕೂತು ದೊಡ್ಡ ಬಟ್ಟಲಿನಲ್ಲಿ ಅರಿಶಿನ ಕಲಸುತ್ತಿದ್ದಳು. ಕೈ ಮುಂಗೈತನಕ ಹಳದಿ. ಯಾರದೋ ಮನೆಯಲ್ಲಿ ಮದುವೆಯೋ ಸೀಮಂತವೋ ಇರಬೇಕು ಎಂದುಕೊಂಡಳು ಸುಮಂಗಲಾ. ಅವಳ ತಲೆಗೆ ಬೇರೆ ಏನೂ ಹೋಗುವಂತಿರಲಿಲ್ಲ.

"ಅತ್ತಿ, ಒಂದು ಮಾತು ಹೇಳಬೇಕ್ರಿ. ಕುಂದರ್ರಿ."

"ಕುಂತ ಅದೀನಲ್ಲಬೇ, ಇನ್ನ ಎಲ್ಲಿ ಕುಂದರ್ಲಿ?"

"ನಾಳಿ ಮುಂಜಾನೆ ಮಷೀನ್ ಬರ್ತಾವ. ನಮ್ಮೂರ ನೆಲ್ಲು ಅಷ್ಟೂ ಕೊಯ್ದು ಸುಡ್ತಾರ."

ಹುಲಿಗೆಮ್ಮನ ಕೈ ನಿಂತಿತು. "ಸುಡ್ತಾರ? ಕಾಳಾಗೋ ಬೆಳಿ ಅದು, ಬಸುರಿ ಇದ್ದಂಗ. ಬಸುರಿನ್ನ ಸುಡ್ತಾರೇನ?"

"ಕಾಳ ಆಗವಲ್ದುರೀ. ಸಕ್ರಿ ಎಲ್ಯಾಗ ಸಿಗಬಿದ್ದೈತಿ, ತೆನಿಗೆ ಇಳೀವಲ್ದು. ಬೀಜ ಕೆಟ್ಟೈತಿ ಅಂತಾರ. ಹಂಗ ಬಿಟ್ರ ರೋಗ ಬಂದು ಊರೂರಿಗೆ ಹಬ್ಬತೈತಿ."

ಅತ್ತೆ ಗೋಳಾಡುತ್ತಾಳೆ, ಇಲ್ಲವೇ ಕೇಂದ್ರದವರನ್ನು ಹಿಡಿದು ಜಾಡಿಸುತ್ತಾಳೆ ಎಂದು ಸುಮಂಗಲಾ ಎಣಿಸಿದ್ದಳು. ಹುಲಿಗೆಮ್ಮ ಎರಡನ್ನೂ ಮಾಡಲಿಲ್ಲ. ಸೊಸೆಯ ಮುಖ ನೋಡಿ, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು.

"ಅಂಜಬ್ಯಾಡ ನಮ್ಮವ್ವ. ಏನೂ ಆಗಂಗಿಲ್ಲ. ಅವ್ವ ಒಪ್ಪ್ಯಾಳ. ಹಸುರು ಸೀರಿ ಉಟ್ಟಾಳ."

"ಯಾವ ಅವ್ವ?"

ಹುಲಿಗೆಮ್ಮ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಹೊರಬಿದ್ದಾಗಿತ್ತು. ಸುಮಂಗಲಾ ಬಿಡಲಿಲ್ಲ, ಎದುರಿಗೇ ಕೂತು ಕೇಳಿದಳು. ಒಂದೊಂದಾಗಿ ಬಂತು. ಶೀಗಿ ಹುಣ್ಣಿಮೆಗೆ ಊರ ಹೆಂಗಸರೆಲ್ಲ ಗದ್ದೆಗೆ ನೈವೇದ್ಯದ ಅನ್ನ ಎರಚಿ ಚರಗ ಚೆಲ್ಲಲು ಹೋಗಿದ್ದರು. ತುಂಬಿದ ಬೆಳೆಗೆ ಸೀಮಂತ ಮಾಡುವಾಗ ನಡುವೆ ನಿಂತ ದೀಪವ್ವನಿಗೆ ಮಾಡದೆ ಬಿಡುವುದು ಹೇಗೆ? ಚಕ್ರ ತಿರುವಿ ಇಳಿಸಿ, ಗಾಜು ತೊಳೆದು, ರವಿಕೆಯ ಖಣ ಇಟ್ಟು ಉಡಿ ತುಂಬಿದರು.

"ಮೈ ತೊಳೆದ ಮ್ಯಾಗ ಅರಿಶಿಣ ಹಚ್ಚಬೇಕಲ್ಲ? ಬೋಳ ಮಾರಿಲೆ ಬಿಡಾಕ ಬರ್ತೈತೇನು? ಎಣ್ಯಾಗ ಕಲಸಿ ಮಾರಿ ತುಂಬ ಹಚ್ಚಿದ್ವಿ. ಅವತ್ತ ಸಂಜಿಮುಂದ ನೋಡು, ನೀಲಿ ಇದ್ದಾಕಿ ಹಸುರ ಆದ್ಲು! ಸೀಮಂತದ ಹೆಣ್ಣಿಗೆ ಹಸುರು ಸೀರಿ ಉಡಸ್ತೀವಲ್ಲ, ತಾನ ಉಟಗೊಂಡ್ಲು. ನಾ ಕಣ್ಣಿಲೆ ನೋಡೀನಿ. ಅವತ್ತಿಂದ ದಿನಾ ಹಚ್ತೀವಿ. ಬಸುರಿ ಮ್ಯಾಗ ಕಣ್ಣು ಬೀಳಬಾರ್ದು, ಹೊರಗ ಯಾರಿಗೂ ಹೇಳಬ್ಯಾಡ್ರಿ ಅಂತ ನಾನ ಎಲ್ಲಾರಿಗೂ ಹೇಳಿದ್ದೆ."

ಸುಮಂಗಲಾ ಎದ್ದು ನಿಂತಳು. ಮಾತಾಡದೆ ಒಳಗೆ ಹೋಗಿ ಒಂದು ಗಾಜಿನ ಲೋಟ ತಂದು, ಬಟ್ಟಲಿನ ಅರಿಶಿನವನ್ನು ಅದರ ಹೊರಮೈಗೆ ಬಳಿದಳು. ಅಡುಗೆಮನೆಯ ಕದ ಹಾಕಿ, ಕಿಟಕಿಗೆ ಗೋಣಿಚೀಲ ತೂಗುಬಿಟ್ಟು, ಫೋನಿನ ಪರದೆಯನ್ನು ಅಚ್ಚ ನೀಲಿ ಮಾಡಿ ಲೋಟದೊಳಗೆ ಇಳಿಸಿದಳು. ಕತ್ತಲೆಯಲ್ಲಿ ಲೋಟ ಎಳೆಹಸುರಾಗಿ ಹೊಳೆಯಿತು.

ಅರಿಶಿನ ಅರಿಶಿನವಾಗಿ ಕಾಣುವುದೇ ನೀಲಿಯನ್ನು ನುಂಗುವುದರಿಂದ. ಅದು ನುಂಗಿದ್ದರಲ್ಲಿ ಒಂದಿಷ್ಟನ್ನು ಹಸುರು ಮಾಡಿ ಹೊರಗೆ ಬಿಡುತ್ತದೆ. ಹಸುರಿಗೆ ಅಗಳಿ ಸರಿಯದು. ದೀಪ ದಿನಾ ಉರಿದಿತ್ತು, ಮೀಟರು ಸರಿಯಾಗಿಯೇ ತೋರಿಸಿತ್ತು, ಏಕೆಂದರೆ ಮೀಟರು ಇದ್ದದ್ದು ಗಾಜಿನ ಒಳಮೈಯಲ್ಲಿ. ಗಾಜಿನ ಹೊರಗೆ ಅರಿಶಿನ ಹಚ್ಚುವ ಊರೊಂದು ಇದೆಯೆಂದು ಅದನ್ನು ಕೂಡಿಸಿದವರಿಗೆ ಹೊಳೆದಿರಲಿಲ್ಲ. ಬೀಜ ಕೆಟ್ಟಿಲ್ಲ! ಬಾಗಿಲು ಕೆಟ್ಟಿಲ್ಲ! ಸುಮಂಗಲಾ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಆ ನಗೆಯಲ್ಲಿ ಅರ್ಧ ಇಳಿಯಿತು.

ಕದ ತೆಗೆದು ಅತ್ತೆಗೆ ತಿಳಿಯುವಂತೆ ಹೇಳಿದಳು. ಹುಲಿಗೆಮ್ಮ ಲೋಟವನ್ನೂ ತನ್ನ ಕೈಗಳನ್ನೂ ನೋಡಿಕೊಂಡಳು.

"ಹಂಗಾರ ಇಷ್ಟು ದಿನ ಅದರ ಬಾಯಿಗೆ ಅನ್ನ ಹೋಗದಂಗ ಮಾಡಿದಾಕಿ ನಾನ?"

ಆ ಮುಖ ನೋಡಿ ಸುಮಂಗಲೆಯ ನಗೆ ನಿಂತುಹೋಯಿತು. ಅತ್ತೆಯ ಎರಡೂ ಹಳದಿ ಕೈಗಳನ್ನು ಹಿಡಿದುಕೊಂಡಳು.

"ಇನ್ನೂ ಹೊತ್ತು ಮೀರಿಲ್ರಿ ಅತ್ತಿ. ಸಕ್ರಿ ಎಲ್ಯಾಗ ಐತಿ, ಎಲ್ಲೂ ಹೋಗಿಲ್ಲ. ಏಳ್ರಿ, ಮಂದೀನ್ನ ಕೂಡಸ್ರಿ."

ಸುಮಂಗಲಾ ಫೋನು ಮಾಡಿ ಫರ್ಜಾನಾ ಅವರಿಗೆ ಎಲ್ಲವನ್ನೂ ಹೇಳಿದಳು. "ಅರಿಶಿಣಾ?" ಎಂದು ಒಮ್ಮೆ ಕೇಳಿದರು. "ದಿನಾ?" ಎಂದು ಇನ್ನೊಮ್ಮೆ ಕೇಳಿದರು. ಆಮೇಲೆ ಅವರೂ ನಗತೊಡಗಿದರು. "ತಪ್ಪು ನಮ್ಮದ, ಸುಮಂಗಲಾ. ಮೀಟರು ಗಾಜಿನ ಒಳಗ ಇಟ್ಟೀವಿ, ಗಾಜು ಕಾಯೋರಿಗೆ ಯಾಕ ಕಾಯಬೇಕು ಅಂತ ಹೇಳಿಲ್ಲ." ಆದರೆ ನಗು ಮುಗಿಯುತ್ತಲೇ ಅವರ ದನಿ ಬದಲಾಯಿತು. ಎಲೆಗಳು ಬಿರಿಯುವಷ್ಟು ತುಂಬಿವೆ. ಬಾಗಿಲುಗಳೆಲ್ಲ ಒಮ್ಮೆಲೇ ತೆರೆದರೆ ಸಕ್ಕರೆ ಹೊರಗೆ ನುಗ್ಗುತ್ತದೆ. ನಾಳದ ಬಾಗಿಲುಗಳು ಎಷ್ಟೆಂದು ಎಳೆದುಕೊಂಡಾವು? ಮಿಕ್ಕದ್ದೆಲ್ಲ ಕೋಶಗಳ ನಡುವೆ ನಿಂತು ಅಂಗಮಾರಿಯನ್ನು ಕೈಬೀಸಿ ಕರೆಯುತ್ತದೆ. ಇಷ್ಟು ದಿನ ಬರಿಹೊಟ್ಟೆಯಲ್ಲಿದ್ದ ತೆನೆಗೆ ಈಗ ಕುಡಿಯುವ ಶಕ್ತಿ ಉಳಿದಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ. "ಮಷೀನ್ ಬ್ಯಾಡ ಅಂತ ನಾ ಇನ್ನೂ ಹೇಳಂಗಿಲ್ಲ. ಸಂಜಿ ಗೆರಿ ಎದ್ರ ಹೇಳ್ತೀನಿ."

ಗಾಜು ತೊಳೆಯುವುದೂ ಸುಲಭವಾಗಲಿಲ್ಲ. ಹೆಂಗಸರು ದೀಪ ಇಳಿಸಿ, ಅವಸರದಲ್ಲಿ ಬಟ್ಟೆ ಒಗೆಯುವ ಸೋಪು ಹಚ್ಚಿ ತಿಕ್ಕಿದರು. ಹಳದಿಯೆಲ್ಲ ರಕ್ತಗೆಂಪಾಯಿತು. "ಅವ್ವಗ ಸಿಟ್ಟು ಬಂತು!" ಎಂದು ಒಬ್ಬಳು ಸೋಪು ಬಿಟ್ಟು ದೂರ ನಿಂತಳು. ಸುಣ್ಣ ಬೆರೆತರೆ ಅರಿಶಿನ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ದಿನಾ ಕಾಣುವ ಕೈಗಳೇ ಅವು, ಆದರೆ ಗಾಬರಿಯಲ್ಲಿ ಯಾರಿಗೆ ನೆನಪಾಗುತ್ತದೆ? ಸೋಪಿನ ಕ್ಷಾರಕ್ಕೂ ಹಾಗೇ ಆಗುತ್ತದೆ ಎಂದು ಸುಮಂಗಲಾ ಹೇಳಿ, ಕೊಬ್ಬರಿ ಎಣ್ಣೆ ಹಾಕಿ ನೆನೆಸಿ, ಕಡಲೆಹಿಟ್ಟಿನಿಂದ ತಿಕ್ಕಿಸಿದಳು. ಮದುಮಗಳಿಗೆ ಹಚ್ಚಿದ್ದನ್ನು ತೆಗೆಯುವ ಹಾಗೆಯೇ ತೆಗೆದರು. ಹುಲಿಗೆಮ್ಮ ಯಾರಿಗೂ ಬಿಟ್ಟುಕೊಡದೆ ಕೊನೆಯ ಸಲ ತನ್ನ ಸೆರಗಿನಿಂದ ಗಾಜು ಒರೆಸಿದಳು. ಅದರಲ್ಲಿ ಅವಳ ಮುಖ ಕಾಣುವಂತಾದ ಮೇಲೆ ಚಕ್ರ ತಿರುವಿ ದೀಪ ಮೇಲಕ್ಕೇರಿಸಿದರು. ಸುಮಂಗಲಾ ಬಸ್ಸಿಗೆ ಓಡಿದಳು.

ಹೊತ್ತು ಮುಳುಗಿತು. ಬೇರೆ ಊರುಗಳ ಗೆರೆಗಳು ಎಂದಿನಂತೆ ಎದ್ದವು. ಕೆಂಚನಮಟ್ಟಿಯ ದೀಪವನ್ನು ಮಾತ್ರ ಸುಮಂಗಲಾ ಯಂತ್ರಕ್ಕೆ ಬಿಡದೆ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಳು. ಫರ್ಜಾನಾ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಸುಮಂಗಲೆಯ ಅಜ್ಜ ಕಾಲುವೆಯ ನೀರಗಂಟಿಯಾಗಿದ್ದವನು. ಒಣಗಿದ ಕಾಲುವೆಗೆ ಮೊದಲ ನೀರು ಬಿಡುವಾಗ ತೂಬನ್ನು ಒಂದಿಷ್ಟೇ ಎತ್ತಿ, ಏರಿ ನೆನೆಯುವ ತನಕ ಕಾದು, ಆಮೇಲೆ ಇನ್ನಷ್ಟು ಎತ್ತುತ್ತಿದ್ದ. ಕೇಂದ್ರದಲ್ಲಿ ಈ ಕೆಲಸ ಕಲಿಯುವಾಗಲೂ ಅವಳಿಗೆ ಅದನ್ನೇ ಬೇರೆ ಮಾತುಗಳಲ್ಲಿ ಹೇಳಿಕೊಟ್ಟಿದ್ದರು.

ದೀಪವನ್ನು ಮಂದವಾಗಿ ಹತ್ತಿಸಿದಳು. ಫೋನು ತೆರೆದೇ ಇತ್ತು. ಆ ಕಡೆ ಗದ್ದೆಯ ಬದುವಿನ ಮೇಲೆ ಅತ್ತೆ ನಿಂತಿದ್ದಳು.

"ಅತ್ತಿ, ಯಾವ ಬಣ್ಣ ಕಾಣಾಕತ್ತೈತ್ರಿ?"

"ನೀಲಿ," ಎಂದಳು ಹುಲಿಗೆಮ್ಮ. ಆ ಒಂದು ಮಾತಿನಲ್ಲಿ ದುಃಖವಿತ್ತು. ದಿನಾ ಸಂಜೆ ತಾನು ಕೈಮುಗಿದ ಹಸುರನ್ನು ಅವಳು ಕೈಯಾರೆ ತಿಕ್ಕಿ ತೆಗೆದಿದ್ದಳು. ಅದು ಸುಮಂಗಲೆಗೆ ತಿಳಿಯಿತು, ಆದರೆ ಆಗ ಸಮಾಧಾನ ಹೇಳುವ ಹೊತ್ತಾಗಿರಲಿಲ್ಲ.

ಗೆರೆ ಏಳಲಿಲ್ಲ. ಸುಮಂಗಲಾ ದೀಪ ಆರಿಸಿದಳು, ಕಾದಳು, ಮತ್ತೆ ಹತ್ತಿಸಿದಳು. ಗೆರೆ ಅಲುಗಲಿಲ್ಲ.

"ಇನ್ನೂ ಸ್ವಲ್ಪ ಹೆಚ್ಚು ಕೊಡೋಣೇನು?" ಎಂದರು ಫರ್ಜಾನಾ.

"ಬ್ಯಾಡ್ರಿ ಮೇಡಂ. ಏರಿ ನೆನೀಲಿ."

ಮತ್ತೆ ಆರಿಸಿದಳು. ಬೀಜ ಸರಿಯಿದ್ದು, ಬಾಗಿಲು ಸರಿಯಿದ್ದು, ತೆನೆಯೇ ಸೋತುಹೋಗಿದ್ದರೆ? ನಾಳೆ ಯಂತ್ರದ ಮುಂದೆ ನಿಂತು ಅತ್ತೆಗೆ ಏನು ಹೇಳುವುದು? ಮೂರನೆಯ ಸಲ ಹತ್ತಿಸಿದಳು. ಗೆರೆ ಒಮ್ಮೆ ನಡುಗಿತು. ನಿಂತಿತು. ಮತ್ತೆ ನಡುಗಿ, ಈ ಸಲ ಕೆಳಗೆ ಬೀಳದೆ, ಕೂದಲೆಳೆಯಷ್ಟು ಮೇಲೆ ಹೋಗಿ ಅಲ್ಲಿಯೇ ನಿಂತುಕೊಂಡಿತು. ಫರ್ಜಾನಾ ಉಸಿರು ಬಿಟ್ಟದ್ದು ಕೇಳಿಸಿತು. ಸುಮಂಗಲಾ ಬೆಳಕನ್ನು ಒಂದಿಷ್ಟು ಏರಿಸಿದಳು, ಗೆರೆಯೂ ಏರಿತು. ಇನ್ನಷ್ಟು ಏರಿಸಿದಳು. ಗೆರೆ ತಲೆಯೆತ್ತಿಕೊಂಡು ಅಕ್ಕಪಕ್ಕದ ಊರುಗಳ ಗೆರೆಗಳ ಕಡೆ ನಡೆಯತೊಡಗಿತು. ಫರ್ಜಾನಾ ಫೋನು ತೆಗೆದು ಯಾರಿಗೋ "ಮಷೀನ್ ಬ್ಯಾಡ್ರಿ. ಬ್ಯಾಡಂದ್ರ ಬ್ಯಾಡ," ಎಂದು ಎರಡೆರಡು ಸಲ ಹೇಳಿದರು. ಸುಮಂಗಲಾ ಮೇಜಿಗೆ ತಲೆ ಕೊಟ್ಟು ಅತ್ತಳು. ಪರದೆಯ ಮುಂದೆ ಅವಳು ಅತ್ತದ್ದು ಅದೇ ಮೊದಲು, ಅದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ.

ಮರುದಿನ ಬೆಳಗ್ಗೆ ಅವಳು ಗದ್ದೆಗೆ ಹೋದಾಗ ಅರ್ಧ ಊರು ಬದುವಿನ ಮೇಲಿತ್ತು. ದೀಪದ ಕಂಬಕ್ಕೆ ಬುಡದಿಂದ ಆಳೆತ್ತರದ ತನಕ ದಪ್ಪಗೆ ಅರಿಶಿನ ಮೆತ್ತಿದ್ದರು.

"ಅತ್ತೀ!"

"ಕಂಬಕ್ಕ ಹಚ್ಚೀವಿ, ಗಾಜಿಗೆ ಮುಟ್ಟಿಲ್ಲ," ಎಂದಳು ಹುಲಿಗೆಮ್ಮ, ಯಾರಾದರೂ ಬೈಯುವ ಮೊದಲೇ. "ನಿಮ್ಮ ಡಾಕ್ಟರಮ್ಮನ್ನ ಫೋನಿನ್ಯಾಗ ಕೇಳೀನಿ. ಕಂಬಕ್ಕ ಎಷ್ಟಾರ ಹಚ್ಚಿಕೊಳ್ರಿ ಅಂದ್ರು."

ಎಲೆಗಳು ಇನ್ನೂ ದಪ್ಪಗೇ ಇದ್ದವು. ಆದರೆ ನೆಟ್ಟಗೆ ನಿಂತಿದ್ದ ತೆನೆಗಳಲ್ಲಿ ಕೆಲವು, ಎಲ್ಲವೂ ಅಲ್ಲ, ತಲೆ ಬಾಗಿಸುವ ಯೋಚನೆ ಮಾಡುತ್ತಿದ್ದವು. ಒಂದಷ್ಟು ಜೊಳ್ಳು ಜೊಳ್ಳಾಗಿಯೇ ಉಳಿಯುತ್ತದೆ, ಅದು ಸುಮಂಗಲೆಗೆ ಗೊತ್ತಿತ್ತು. ಉಳಿದದ್ದು ಸಾಕು.

ಹುಲಿಗೆಮ್ಮ ಬದುವಿನಿಂದ ಇಳಿದು ಒಂದು ತೆನೆಯನ್ನು ಬಾಗಿಸಿ ಹಿಡಿದಳು. ಇಷ್ಟು ಹೊತ್ತೂ ಅವಳು ಯಾವ ತೆನೆಯನ್ನೂ ಮುಟ್ಟಿರಲಿಲ್ಲ. ಮುಟ್ಟಲು ಅಂಜಿದ್ದಳು ಎಂದು ಸೊಸೆಗೆ ಆಗ ತಿಳಿಯಿತು. ಒಂದು ಕಾಳು ಬಿಡಿಸಿ ಎರಡು ಉಗುರುಗಳ ನಡುವೆ ಒತ್ತಿದಳು. ಬಿಳಿಯ ಹಾಲು ಹನಿಯಾಗಿ ಉಬ್ಬಿ ಬಂದು ಅವಳ ಹೆಬ್ಬೆರಳಿನ ಮೇಲೆ ನಿಂತಿತು. ಹುಲಿಗೆಮ್ಮ ಅದನ್ನು ನೋಡುತ್ತಲೇ ಇದ್ದಳು. ಆಮೇಲೆ ಆ ಬೆರಳನ್ನು ಹಾಗೆಯೇ ಸೊಸೆಯ ಬಾಯಿಯ ಹತ್ತಿರ ತಂದಳು.

"ನೆಕ್ಕಿ ನೋಡವ್ವಾ. ನನಗ ಧೈರ್ಯ ಆಗವಲ್ದು. ಹೆಂಗೈತಿ?"

ಸುಮಂಗಲಾ ನಾಲಿಗೆ ತಾಗಿಸಿದಳು. ಇನ್ನೊಂದು ಕಾಳಿಗಾಗಿ ಅತ್ತೆಯ ಮುಂದೆ ಕೈ ಚಾಚಿದಳು.